ಕೌಂಟರ್‌ನಿಂದ ಶುರುವಾದ ಕೈಪಿಡಿ: ದಾವಣಗೆರೆಯಲ್ಲಿ ನಾವು ಮಾಡಿದ ಎರಡು ದಿನದ ಬರವಣಿಗೆ

ತಮ್ಮನ ಮದುವೆಗೆ ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ಅರಿಶಿನ ಶಾಸ್ತ್ರದ ಹೊತ್ತಿಗೆ ಫೋನ್ ಬಂತು. ನಮ್ಮ ಕಾಲೇಜು ಲೈಬ್ರರಿಯ ಅಟೆಂಡರ್ ಅಣ್ಣ. ‘ಮೇಡಂ, ಹುಡುಗ ಪುಸ್ತಕ ವಾಪಸ್ ಕೊಟ್ಟಾನ, ನಾನು ಸ್ಕ್ಯಾನೂ ಮಾಡೀನಿ. ಆದ್ರೂ ಅವನ ಹೆಸರಲ್ಲೇ ತೋರಿಸ್ತೈತಿ. ಡೇಟು ಬೇರೆ ಮುಂದಕ್ಕೆ ಹೋಗೈತಿ’ ಅಂದರು.

ಏನಾಗಿದೆ ಅಂತ ನನಗೆ ತಕ್ಷಣ ಗೊತ್ತಾಯಿತು. ನಮ್ಮಲ್ಲಿ ಪುಸ್ತಕಗಳ ಲೆಕ್ಕಕ್ಕೆ ಕೋಹಾ ಅನ್ನುವ ಲೈಬ್ರರಿ ಸಾಫ್ಟ್‌ವೇರ್ ಇದೆ. ಪುಸ್ತಕ ಕೊಡುವ ಪುಟವೇ ಬೇರೆ, ವಾಪಸ್ ತಗೊಳ್ಳುವ ಪುಟವೇ ಬೇರೆ. ಅಣ್ಣ ಹುಡುಗನ ಹೆಸರು ತೆರೆದು, ಕೊಡುವ ಪುಟದಲ್ಲೇ ಪುಸ್ತಕ ಸ್ಕ್ಯಾನ್ ಮಾಡಿದ್ದಾರೆ. ಈ ಪುಸ್ತಕ ಇವರ ಹತ್ತಿರವೇ ಇದೆ, ರಿನ್ಯೂ ಮಾಡಲಾ ಅಂತ ಕೋಹಾ ಇಂಗ್ಲಿಷಿನಲ್ಲಿ ಕೇಳಿದೆ. ಅಣ್ಣ ಹೌದು ಅಂತ ಒತ್ತಿದ್ದಾರೆ. ಪುಸ್ತಕ ರ‍್ಯಾಕಿಗೆ ಹೋಯಿತು, ಲೆಕ್ಕದಲ್ಲಿ ಮಾತ್ರ ಹುಡುಗನ ಕೈಯಲ್ಲೇ ಉಳಿಯಿತು. ಅವನು ಮುಂದೆ ದಂಡ ಕಟ್ಟಬೇಕಾಗಿ ಬರುತ್ತಿತ್ತು.

ಆ ನಾಲ್ಕು ದಿನದಲ್ಲಿ ಹನ್ನೊಂದು ಸಲ ಫೋನ್ ಬಂತು. ಅಣ್ಣ ಇಪ್ಪತ್ತೆರಡು ವರ್ಷದಿಂದ ಲೈಬ್ರರಿಯಲ್ಲಿದ್ದಾರೆ. ಯಾವ ಪುಸ್ತಕ ಯಾವ ರ‍್ಯಾಕಿನಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳುತ್ತಾರೆ. ಅಂಥವರನ್ನು ಒಂದು ಪರದೆ ದಿನಾ ಅಳುಕಿಸುತ್ತಿದೆ ಅನ್ನುವುದು ನನಗೆ ಸಂಕಟವಾಯಿತು. ಕೋಹಾದ ಇಂಗ್ಲಿಷ್ ಕೈಪಿಡಿ ಒಳ್ಳೆಯದು, ದೊಡ್ಡದು. ಆದರೆ ಕೌಂಟರ್ ಮುಂದೆ ಹತ್ತು ಹುಡುಗರು ಸಾಲಾಗಿ ನಿಂತಾಗ ಅದನ್ನು ಯಾರು ತೆರೆದು ಓದುತ್ತಾರೆ? ಅಣ್ಣನಿಗೆ ಬೇಕಾಗಿದ್ದು ಕನ್ನಡದಲ್ಲಿ ಒಂದೇ ಒಂದು ಪುಟ. ಅದನ್ನು ಯಾರೂ ಬರೆದಿರಲಿಲ್ಲ. ನಾನೂ ಬರೆದಿರಲಿಲ್ಲ.

ಒಬ್ಬಳೇ ಬರೆಯಲು ಕೂತರೆ ವರ್ಷ ಕಳೆಯುತ್ತದೆ ಅಂತ ಗೊತ್ತಿತ್ತು. ಓಪನ್ ಸೋರ್ಸ್, ಅಂದರೆ ಸಾಫ್ಟ್‌ವೇರನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಡುವವರ ಜಗತ್ತಿನಲ್ಲಿ ಇದಕ್ಕೊಂದು ದಾರಿ ಇದೆ. ಒಂದಷ್ಟು ಜನ ಎರಡು ಮೂರು ದಿನ ಒಂದೇ ಕೋಣೆಯಲ್ಲಿ ಕೂತು ಕೈಪಿಡಿ ಬರೆದು ಮುಗಿಸುತ್ತಾರೆ. ಡಾಕ್ಯುಮೆಂಟೇಶನ್ ಸ್ಪ್ರಿಂಟ್ ಅನ್ನುತ್ತಾರೆ. ಆಡಂ ಹೈಡ್ ಅನ್ನುವವರು ‘ಬುಕ್ ಸ್ಪ್ರಿಂಟ್’ ಅನ್ನುವ ಹೆಸರಿನಲ್ಲಿ ಐದು ದಿನದೊಳಗೆ ಇಡೀ ಪುಸ್ತಕ ಬರೆಸುವ ಪದ್ಧತಿಯನ್ನೇ ಬೆಳೆಸಿದರು. ನಮಗೆ ಐದು ದಿನ ಸಿಗುವುದಿಲ್ಲ. ಆಗಸ್ಟ್ 12, ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಹೆಸರಿನ ಗ್ರಂಥಪಾಲಕರ ದಿನ. ಅದರ ಆಸುಪಾಸಿನ ಎರಡನೇ ಶನಿವಾರ, ಭಾನುವಾರ ಹಿಡಿದುಕೊಂಡೆವು. ರಜೆ ಕೇಳುವ ತಾಪತ್ರಯ ಇರಲಿಲ್ಲ.

ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದಿದ್ದು ಅದಕ್ಕೂ ಮುಂಚಿನ ಮೂರು ವಾರ. ದಾವಣಗೆರೆ, ಹರಿಹರದ ನಾಲ್ಕು ಕಾಲೇಜುಗಳ ಲೈಬ್ರರಿ ಕೌಂಟರ್‌ನಲ್ಲಿ ಒಂದೊಂದು ನೋಟ್‌ಬುಕ್ ಇಟ್ಟೆವು, ದಾರ ಕಟ್ಟಿದ ಪೆನ್ನಿನ ಸಮೇತ. ಯಾರಿಗೆ ಎಲ್ಲಿ ಸಿಕ್ಕಿಕೊಂಡರೂ ಬಾಯಿಗೆ ಬಂದ ಮಾತಿನಲ್ಲೇ ಬರೆಯಬೇಕು ಅಂತ ಕೇಳಿಕೊಂಡೆವು. ‘ಬಾರ್‌ಕೋಡ್ ಹರಿದೈತಿ, ಏನ್ ಮಾಡ್ಲಿ’, ‘ಒಂದೇ ಪುಸ್ತಕ ಐದು ಸಲ ಯಾಕೆ ಬರ್ತೈತಿ’, ‘ಹುಡುಗಿ ಕಾರ್ಡ್ ಕಳಕೊಂಡಾಳ’, ‘ಕನ್ನಡದಾಗ ಹುಡುಕಿದ್ರೆ ಸಿಗವಲ್ದು’. ಹೀಗೆ ಅರವತ್ತಕ್ಕೂ ಹೆಚ್ಚು ಸಾಲು ಬಂದವು. ಒಂದೇ ತರದವನ್ನು ಸೇರಿಸಿದಾಗ ಇಪ್ಪತ್ತನಾಲ್ಕಾಯಿತು. ಅದರಲ್ಲಿ ಹದಿನಾಲ್ಕನ್ನು ಆರಿಸಿಕೊಂಡೆವು. ಕೈಪಿಡಿಯ ಅಧ್ಯಾಯ ನಾನು ಯೋಚಿಸಿ ಮಾಡಿದ್ದರೆ ‘ಪರಿಚಯ’, ‘ಲಾಗಿನ್’, ‘ಮೆನು’ ಅಂತ ಶುರುವಾಗುತ್ತಿತ್ತು. ನೋಟ್‌ಬುಕ್ಕಿನಲ್ಲಿ ಲಾಗಿನ್ ಬಗ್ಗೆ ಒಬ್ಬರೂ ಕೇಳಿರಲಿಲ್ಲ.

ಎರಡನೇ ತಯಾರಿ, ಅಭ್ಯಾಸಕ್ಕೆ ಬೇರೆಯೇ ಕೋಹಾ. ಬಳಕೆಯಲ್ಲಿಲ್ಲದ ಒಂದು ಹಳೆಯ ಡೆಸ್ಕ್‌ಟಾಪಿಗೆ ಡೆಬಿಯನ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿ, ಅದರ ಮೇಲೆ ಕೋಹಾ ಕೂರಿಸಿದೆವು. ಕೋಣೆಯೊಳಗಿನ ವೈಫೈ ಸಾಕು, ಇಂಟರ್ನೆಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಸದಸ್ಯರೆಲ್ಲ ನಾವೇ ಸೃಷ್ಟಿಸಿದ ಹೆಸರುಗಳು. ಇದರಲ್ಲಿ ನಾನು ಹಟ ಹಿಡಿದಿದ್ದೆ. ನಿಜವಾದ ಲೈಬ್ರರಿಯ ಪರದೆಯ ಚಿತ್ರ ತೆಗೆದರೆ ಯಾವುದೋ ಹುಡುಗಿಯ ಹೆಸರು, ಫೋನ್ ನಂಬರ್ ಅದರಲ್ಲಿ ಬರುತ್ತದೆ. ಅದು ನೂರು ಜನರ ಕೈಗೆ ಹೋಗಬಾರದು, ಅಲ್ವಾ? ಎಲ್ಲ ಸಿದ್ಧವಾದ ಮೇಲೆ ಒಂದು ಬ್ಯಾಕಪ್ ತೆಗೆದಿಟ್ಟೆವು. ಪರೀಕ್ಷೆ ಮಾಡಿ ಗೋಜಲಾದಾಗಲೆಲ್ಲ ಮತ್ತೆ ಅದೇ ಸ್ಥಿತಿಗೆ ತರಬಹುದಿತ್ತು.

ಶನಿವಾರ ಬೆಳಿಗ್ಗೆ ಎಂಟೂವರೆಗೆ ಬೆಣ್ಣೆ ದೋಸೆ. ಹದಿನೇಳು ಜನ ಬಂದಿದ್ದರು. ಆರು ಲೈಬ್ರರಿಯನ್‌ಗಳು, ಐವರು ಅಟೆಂಡರ್‌ಗಳು, ಐವರು ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳು, ಮತ್ತೆ ಹೈಸ್ಕೂಲಿನ ಒಬ್ಬರು ನಿವೃತ್ತ ಕನ್ನಡ ಮೇಷ್ಟ್ರು. ಅಟೆಂಡರ್‌ಗಳನ್ನು ಕರೆದಾಗ ಕೆಲವರಿಗೆ ಆಶ್ಚರ್ಯವಾಗಿತ್ತು. ‘ಅವರು ಬಂದು ಏನು ಬರೀತಾರೆ ಮೇಡಂ?’ ಅಂತ ಕೇಳಿದರು. ಅವರಿಲ್ಲದೆ ಬರೆಯುವುದಾದರೆ ಬರೆಯುವುದೇ ಬೇಡ ಅಂತ ನಾನು ಹೇಳಿದೆ. ಆ ಮಾತನ್ನು ಈಗಲೂ ಬಿಡುವುದಿಲ್ಲ.

ಮೊದಲ ದಿನ ಒಂದು ತಪ್ಪು ಮಾಡಿದೆ. ಬೆಳಗಿನ ಒಂದೂವರೆ ಗಂಟೆ ನಾನೇ ಮಾತಾಡಿದೆ. ಕೋಹಾ ಹುಟ್ಟಿದ ಕತೆ ಹೇಳಿದೆ. 1999ರಲ್ಲಿ ನ್ಯೂಜಿಲೆಂಡಿನ ಹೊರೊವ್ಹೆನುವಾ ಲೈಬ್ರರಿಯವರಿಗೆ ತಮ್ಮ ಹಳೆಯ ಸಾಫ್ಟ್‌ವೇರ್ 2000ನೇ ಇಸವಿ ದಾಟುವುದಿಲ್ಲ ಅನ್ನುವ ಚಿಂತೆ ಇತ್ತು. ಕಟಿಪೊ ಅನ್ನುವ ಕಂಪನಿಯಿಂದ ಹೊಸದು ಮಾಡಿಸಿ, ಎಲ್ಲರಿಗೂ ಬಿಟ್ಟುಕೊಟ್ಟರು. ಮಾವೊರಿ ಭಾಷೆಯಲ್ಲಿ ಕೋಹಾ ಅಂದರೆ ಉಡುಗೊರೆ. ಕತೆ ಎಲ್ಲರಿಗೂ ಇಷ್ಟವಾಯಿತು, ಹತ್ತು ನಿಮಿಷ ಸಾಕಿತ್ತು. ಉಳಿದ ಎಂಬತ್ತು ನಿಮಿಷದ ಪಾಠದಿಂದ ಒಂದು ಸಾಲೂ ಕೈಪಿಡಿಗೆ ಬರಲಿಲ್ಲ. ಬಂದವರು ಬರೆಯಲು ಬಂದವರು. ಕೂತ ತಕ್ಷಣ ಬರೆಯಲು ಬಿಡಬೇಕಿತ್ತು.

ಆಮೇಲೆ ಮೂವರ ಗುಂಪು ಮಾಡಿದೆವು. ಗೊತ್ತಿರುವವರು ಒಬ್ಬರು, ಬರೆಯುವವರು ಒಬ್ಬರು, ಗೊತ್ತಿಲ್ಲದವರು ಒಬ್ಬರು. ಪ್ರತಿ ಪುಟಕ್ಕೂ ಒಂದೇ ಅಚ್ಚು. ಇದು ಯಾವಾಗ ಬೇಕಾಗುತ್ತದೆ, ಕೈಯಲ್ಲಿ ಏನಿರಬೇಕು, ಏನು ಮಾಡಬೇಕು, ಸರಿಯಾಯಿತು ಅಂತ ಹೇಗೆ ಗೊತ್ತಾಗುತ್ತದೆ, ಆಗದಿದ್ದರೆ ಏನು. ಕೈಪಿಡಿಯಲ್ಲಿ ನಾಲ್ಕು ಬಗೆ ಇವೆ ಅಂತ ಡ್ಯಾನಿಯೆಲೆ ಪ್ರೊಚಿಡಾ ಅನ್ನುವವರು ಬಿಡಿಸಿ ತೋರಿಸಿದ್ದಾರೆ. ಕಲಿಸುವುದು, ಮಾಡುವ ದಾರಿ ಹೇಳುವುದು, ಮಾಹಿತಿ ಕೊಡುವುದು, ಅರ್ಥ ಮಾಡಿಸುವುದು. ನಾವು ಎರಡನೆಯದನ್ನು ಮಾತ್ರ ಹಿಡಿದುಕೊಂಡೆವು. ನಾಲ್ಕನ್ನೂ ಒಂದೇ ಪುಟದಲ್ಲಿ ಬೆರೆಸಿದರೆ ಕೌಂಟರ್‌ನಲ್ಲಿ ನಿಂತವರಿಗೆ ಉಪಯೋಗವಿಲ್ಲ.

ಟೈಪಿಂಗ್ ತೊಡಕಾಯಿತು. ಕೆಲವರಿಗೆ ನುಡಿ ತಂತ್ರಾಂಶ ರೂಢಿ, ಕೆಲವರಿಗೆ ಇನ್‌ಸ್ಕ್ರಿಪ್ಟ್ ಕೀಲಿಮಣೆ, ಹುಡುಗರಿಗೆ ಮೊಬೈಲ್ ಮಾತ್ರ. ಒಬ್ಬರು ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು ಬೇರೆ ಕಂಪ್ಯೂಟರಿನಲ್ಲಿ ವಿಚಿತ್ರ ಚಿಹ್ನೆಗಳಾಗಿ ಕಂಡಿತು. ಅದನ್ನು ಎಲ್ಲ ಕಂಪ್ಯೂಟರಿನಲ್ಲೂ ಒಂದೇ ತರ ಕಾಣುವ ಯೂನಿಕೋಡಿಗೆ ಬದಲಿಸಿ ತಿದ್ದಲು ಅರ್ಧ ಗಂಟೆ ಹೋಯಿತು. ಕೊನೆಗೆ ಮೂರು ಗುಂಪಿನವರು ಬಿಳಿ ಹಾಳೆಯಲ್ಲಿ ಕೈಯಲ್ಲೇ ಬರೆದರು. ಅವೇ ಚೆನ್ನಾಗಿದ್ದವು. ಕೈಯಲ್ಲಿ ಬರೆಯುವಾಗ ಉದ್ದ ವಾಕ್ಯ ಬರುವುದಿಲ್ಲ. ವಿದ್ಯಾರ್ಥಿಗಳು ರಾತ್ರಿ ಅದನ್ನು ಯೂನಿಕೋಡಿನಲ್ಲಿ ಟೈಪ್ ಮಾಡಿ, ಪ್ರತಿ ತಿದ್ದುಪಡಿಯ ಲೆಕ್ಕ ಇಡುವ ಗಿಟ್ ಅನ್ನುವ ಸಾಫ್ಟ್‌ವೇರಿಗೆ ಸೇರಿಸಿದರು. ಗಿಟ್ ಕಲಿತ ಮೇಲೆಯೇ ಬರೆಯಿರಿ ಅಂದಿದ್ದರೆ ಅರ್ಧ ಜನ ಮಧ್ಯಾಹ್ನಕ್ಕೇ ಮನೆಗೆ ಹೋಗುತ್ತಿದ್ದರು.

ಪದಗಳ ಬಗ್ಗೆ ಜೋರು ಚರ್ಚೆ ನಡೆಯಿತು. ಪುಸ್ತಕ ವಾಪಸ್ ತಗೊಳ್ಳುವುದಕ್ಕೆ ಕೋಹಾದಲ್ಲಿ ‘ಚೆಕ್ ಇನ್’ ಅಂತಿದೆ. ನಮ್ಮ ಅಣ್ಣ ಹೇಳಿದರು, ‘ಮೇಡಂ, ಲಾಡ್ಜಿನಾಗ ಒಳಗ ಹೋಗೋದಕ್ಕ ಚೆಕ್ ಇನ್ ಅಂತಾರ. ಹುಡುಗ ಪುಸ್ತಕ ತಗೊಂಡು ಹೋಗೋದೇ ಚೆಕ್ ಇನ್ ಅಂತ ನಾನು ತಿಳ್ಕೊಂಡಿದ್ದೆ.’ ಮೇಷ್ಟ್ರು ಮೊದಲು ‘ಹಿಂಪಡೆಯುವಿಕೆ’ ಅಂತ ಸೂಚಿಸಿದ್ದರು. ಅಣ್ಣನ ಮಾತು ಕೇಳಿದ ಮೇಲೆ ತಾವೇ ಅದನ್ನು ಹೊಡೆದುಹಾಕಿದರು. ‘ನೀವು ಕೌಂಟರ್‌ನಲ್ಲಿ ಏನಂತೀರಿ?’ ಅಂತ ಕೇಳಿದರು. ‘ರಿಟರ್ನ್ ಅಂತೀವಿ ಸರ್.’ ಪುಟದ ತಲೆಬರಹ ‘ರಿಟರ್ನ್ ಮಾಡುವುದು’ ಅಂತಲೇ ಆಯಿತು. ಒತ್ತುವ ಗುಂಡಿಯ ಹೆಸರನ್ನು ಮಾತ್ರ ಪರದೆಯಲ್ಲಿ ಇದ್ದ ಹಾಗೇ ಇಂಗ್ಲಿಷ್ ಅಕ್ಷರದಲ್ಲಿ ಚೌಕದೊಳಗೆ ಬರೆದೆವು.

‘ಒಂದೇ ಪುಸ್ತಕ ಐದು ಸಲ’ ಅನ್ನುವ ಪ್ರಶ್ನೆಗೆ ಉತ್ತರ ಸಿಗದೆ ಒಂದು ಗುಂಪು ತುಂಬಾ ಹೊತ್ತು ಒದ್ದಾಡಿತು. ಪುಸ್ತಕದ ವಿವರ ಒಂದು, ಪ್ರತಿಗಳು ಐದು, ಪ್ರತಿಯೊಂದಕ್ಕೂ ಬೇರೆ ಬಾರ್‌ಕೋಡ್. ಇದನ್ನು ಬಿಡಿಸಿ ಹೇಳಿದ್ದು ಹರಿಹರದ ಮೇಡಂ. ‘ಹರಿಹರದ ಬಸ್ಸು ಅಂದ್ರೆ ರೂಟು. ಆ ರೂಟಿನಾಗ ಎಷ್ಟೋ ಗಾಡಿ ಓಡ್ತಾವ. ನೀವು ಹತ್ತೋದು ಒಂದು ನಂಬರಿನ ಗಾಡೀನ ಅಲ್ವಾ? ಹುಡುಗನಿಗೆ ಕೊಡೋದೂ ಒಂದು ನಂಬರಿನ ಪ್ರತೀನ.’ ಆ ಸಾಲು ಹಾಗೇ ಪುಟಕ್ಕೆ ಹೋಯಿತು.

ಭಾನುವಾರ ಪೂರ್ತಿ ಪರೀಕ್ಷೆಗೆ ಇಟ್ಟಿದ್ದೆವು. ಬರೆದವರು ಕುರ್ಚಿಯ ಹಿಂದೆ ನಿಲ್ಲಬೇಕು, ತುಟಿ ಬಿಚ್ಚಬಾರದು. ಬೇರೆ ಗುಂಪಿನ ಅಟೆಂಡರ್ ಬರೀ ಪುಟ ನೋಡಿಕೊಂಡು ಕೆಲಸ ಮಾಡಬೇಕು. ಎಲ್ಲಿ ನಿಂತರು, ಎಲ್ಲಿ ತಿರುಗಿ ನೋಡಿದರು, ಅದನ್ನಷ್ಟೇ ಬರೆದುಕೊಳ್ಳಬೇಕು.

ರಿಟರ್ನ್ ಪುಟವನ್ನು ಪರೀಕ್ಷೆ ಮಾಡಿದ್ದು ಬೇರೆ ಕಾಲೇಜಿನ ಒಬ್ಬ ಅಕ್ಕ. ಮೊದಲ ಹೆಜ್ಜೆ ಸರಿಯಾಯಿತು. ಎರಡನೇ ಹೆಜ್ಜೆ, ‘ಬಾರ್‌ಕೋಡ್ ಸ್ಕ್ಯಾನ್ ಮಾಡಿ’. ಮಾಡಿದರು. ಸ್ಕ್ಯಾನರ್ ಕುಂಯ್ ಅಂದಿತು, ಪರದೆಯಲ್ಲಿ ಏನೂ ಆಗಲಿಲ್ಲ. ಇನ್ನೊಮ್ಮೆ ಮಾಡಿದರು, ಮತ್ತೆ ಕುಂಯ್. ಪುಸ್ತಕ ತಿರುಗಿಸಿ ನೋಡಿದರು, ಬಾರ್‌ಕೋಡನ್ನು ಸೆರಗಿನಿಂದ ಒರೆಸಿದರು. ಬರೆದ ಹುಡುಗ ಹಿಂದೆ ನಿಂತು ಕೈ ಹಿಸುಕಿಕೊಳ್ಳುತ್ತಿದ್ದ. ಆಗಲೇ ನಮಗೆ ಹೊಳೆದದ್ದು. ಸ್ಕ್ಯಾನರ್ ಅಂದರೆ ಒಂದು ಕೀಬೋರ್ಡು ಇದ್ದ ಹಾಗೆ. ಅಂಕಿಗಳನ್ನು ಟೈಪ್ ಮಾಡಿ ಎಂಟರ್ ಒತ್ತುತ್ತದೆ ಅಷ್ಟೆ. ಕರ್ಸರ್ ಪೆಟ್ಟಿಗೆಯೊಳಗೆ ಇಲ್ಲದಿದ್ದರೆ ಆ ಅಂಕಿ ಎಲ್ಲಿಗೂ ಹೋಗುವುದಿಲ್ಲ. ನಾವು ದಿನಾ ಕ್ಲಿಕ್ ಮಾಡಿಯೇ ಸ್ಕ್ಯಾನ್ ಮಾಡುತ್ತೇವೆ. ಹಾಗೆ ಮಾಡುತ್ತೇವೆ ಅನ್ನುವುದೇ ನಮಗೆ ಮರೆತುಹೋಗಿದೆ. ಎರಡನೇ ಹೆಜ್ಜೆಗೆ ಮುಂಚೆ ಒಂದು ಸಾಲು ಸೇರಿತು: ‘ಬಿಳಿ ಪಟ್ಟಿಯೊಳಗೆ ಒಮ್ಮೆ ಕ್ಲಿಕ್ ಮಾಡಿ. ಅಲ್ಲಿ ಸಣ್ಣ ಗೆರೆ ಮಿಣುಕಬೇಕು.’ ಅಕ್ಕ ಮತ್ತೆ ಮೊದಲಿಂದ ಮಾಡಿದರು, ಈ ಸಲ ಪುಸ್ತಕ ಲೆಕ್ಕಕ್ಕೆ ವಾಪಸ್ ಬಂತು.

ಕನ್ನಡದಲ್ಲಿ ಹುಡುಕುವ ಪುಟಕ್ಕೆ ಮಧ್ಯಾಹ್ನವೆಲ್ಲ ಹಿಡಿಯಿತು. ಅಲ್ಲಿ ಮೂರು ತೊಂದರೆ ಬೆರೆತಿದ್ದವು. ಹಳೆಯ ಕೆಲವು ದಾಖಲೆಗಳು ಯೂನಿಕೋಡಿನಲ್ಲೇ ಇರಲಿಲ್ಲ, ಅವು ಹೇಗೂ ಸಿಗುವುದಿಲ್ಲ. ಕೋಹಾದ ಹುಡುಕಾಟಕ್ಕೆ ಜೀಬ್ರಾ ಅನ್ನುವ ಸಾಫ್ಟ್‌ವೇರ್ ಬಳಸುವವರು ಕನ್ನಡ ಲಿಪಿಗಾಗಿ ಐಸಿಯು ಅನ್ನುವ ವ್ಯವಸ್ಥೆಗೆ ಬದಲಿಸಿಕೊಳ್ಳಬೇಕು. ಅದು ಅಟೆಂಡರ್ ಮಾಡುವ ಕೆಲಸ ಅಲ್ಲ, ಸರ್ವರ್ ನೋಡಿಕೊಳ್ಳುವವರದ್ದು. ಮೂರನೆಯದನ್ನು ಹಿಡಿದದ್ದು ಮೇಷ್ಟ್ರು. ‘ಸೂರ್ಯ’ ಅಂತ ಅರ್ಕಾವತ್ತು ಹಾಕಿ ಬರೆಯಬಹುದು, ‘ಸೂರ‍್ಯ’ ಅಂತ ರಕಾರಕ್ಕೆ ಯ ಒತ್ತು ಕೊಟ್ಟೂ ಬರೆಯಬಹುದು. ಓದುವವರಿಗೆ ಎರಡೂ ಒಂದೇ. ಎರಡನೆಯದರ ಒಳಗೆ ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆ ಇರುತ್ತದೆ. ನಮ್ಮ ಯಂತ್ರದಲ್ಲಿ ಒಂದನ್ನು ಹುಡುಕಿದರೆ ಇನ್ನೊಂದು ಸಿಗಲಿಲ್ಲ. ಪುಸ್ತಕ ಸೇರಿಸುವಾಗ ಅರ್ಕಾವತ್ತಿನ ರೂಪವನ್ನೇ ಬಳಸಬೇಕು ಅಂತ ನಾಲ್ಕೂ ಕಾಲೇಜಿನವರು ಅಲ್ಲೇ ಒಪ್ಪಿಕೊಂಡರು. ಇದಕ್ಕಾಗಿಯೇ ಕನ್ನಡ ಬಲ್ಲವರೊಬ್ಬರು ಕೋಣೆಯಲ್ಲಿ ಇರಲೇಬೇಕು ಅಂತ ನಾನು ಹೇಳುವುದು.

ಸಂಜೆ ಆರಕ್ಕೆ ಮಂಡಕ್ಕಿ, ಮಿರ್ಚಿ ತರಿಸಿ ಲೆಕ್ಕ ಹಾಕಿದೆವು. ಹದಿನಾಲ್ಕರಲ್ಲಿ ಒಂಬತ್ತು ಪುಟ ಪರೀಕ್ಷೆ ದಾಟಿದ್ದವು. ಉಳಿದ ಐದನ್ನು ಸುಮ್ನೆ ಸೇರಿಸಿಬಿಡೋಣ, ಪುಸ್ತಕ ದಪ್ಪ ಕಾಣುತ್ತದೆ ಅಂತ ಒಬ್ಬರು ಅಂದರು. ನಾನು ಒಪ್ಪಲಿಲ್ಲ. ಒಂದು ಪುಟ ನಂಬಿ ಕೆಟ್ಟರೆ ಆಮೇಲೆ ಯಾರೂ ಇನ್ನೊಂದು ಪುಟ ತೆರೆಯುವುದಿಲ್ಲ.

ಹಂಚುವ ವಿಷಯದಲ್ಲಿ ಮೊದಲೇ ಎಲ್ಲರ ಒಪ್ಪಿಗೆ ಪಡೆದಿದ್ದೆವು. ಬರಹ ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್ಎ 4.0 ಪರವಾನಗಿಯಲ್ಲಿರುತ್ತದೆ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹೆಸರು ಹೇಳಬೇಕು, ತಿದ್ದಿದ್ದನ್ನೂ ಇದೇ ಪರವಾನಗಿಯಲ್ಲಿ ಹಂಚಬೇಕು. ವಿದ್ಯಾರ್ಥಿಗಳು ಸರ್ಟಿಫಿಕೇಟ್ ಕೇಳಿದ್ದರು. ಅದರ ಬದಲು ಅವರವರು ದುಡಿದ ಪುಟದ ಕೆಳಗೆ ಅವರ ಹೆಸರು ಹಾಕಿದೆವು. ಅಟೆಂಡರ್‌ಗಳ ಹೆಸರೂ ಅಲ್ಲೇ ಇದೆ, ಪರೀಕ್ಷಿಸಿದವರು ಅಂತ. ನಮ್ಮ ಅಣ್ಣ ಆ ಹಾಳೆಯನ್ನು ಮನೆಗೆ ಒಯ್ದು ಮಗಳಿಗೆ ತೋರಿಸಿದರು.

ಒಂಬತ್ತೂ ಪುಟಗಳನ್ನು ಲ್ಯಾಮಿನೇಷನ್ ಮಾಡಿಸಿ ನಾಲ್ಕೂ ಕೌಂಟರ್‌ಗಳಲ್ಲಿ ತೂಗುಹಾಕಿದ್ದೇವೆ. ಕೋಹಾಕ್ಕೆ ಪ್ರತಿ ಮೇ ಮತ್ತು ನವೆಂಬರ್‌ನಲ್ಲಿ ಹೊಸ ಆವೃತ್ತಿ ಬರುತ್ತದೆ, ಅದರ ಸಂಖ್ಯೆಯೇ ವರ್ಷ ಮತ್ತು ತಿಂಗಳು. ಹಾಗಾಗಿ ಪ್ರತಿ ಪುಟದ ಮೇಲೆ ಯಾವ ಆವೃತ್ತಿಯಲ್ಲಿ ಪರೀಕ್ಷಿಸಿದ್ದು ಅಂತ ಬರೆದಿದ್ದೇವೆ. ಚಿತ್ರ ಕಡಿಮೆ ಇಟ್ಟಿದ್ದೇವೆ, ಯಾಕೆಂದರೆ ಮೊದಲು ಹಳತಾಗುವುದು ಅದೇ. ಪ್ರತಿ ಪುಟಕ್ಕೂ ನೋಡಿಕೊಳ್ಳುವವರು ಒಬ್ಬರಿದ್ದಾರೆ. ರಿಟರ್ನ್ ಪುಟ ನಮ್ಮ ಅಣ್ಣನದು.

ಹೊಸ ಆವೃತ್ತಿ ಹಾಕಿದ ಮಾರನೇ ದಿನ ಅವರು ನನ್ನ ಟೇಬಲ್ ಹತ್ತಿರ ಬಂದರು. ಕೈಯಲ್ಲಿ ಲ್ಯಾಮಿನೇಷನ್ ಹಾಳೆ, ಅದರ ಮೇಲೆ ಮಾರ್ಕರ್ ಪೆನ್ನಿನ ಒಂದು ಸುತ್ತು. ‘ಮೇಡಂ, ಮೂರನೇ ಹೆಜ್ಜೆ ಬದಲಾಗೈತಿ. ಆ ಗುಂಡಿ ಈಗ ಈ ಕಡೆ ಬಂದೈತಿ. ನಾನು ಬರೆದು ಕೊಡ್ತೀನಿ, ಹುಡುಗರಿಗೆ ಟೈಪ್ ಮಾಡ್ಸಿ.’ ಉಳಿದ ಐದು ಪುಟಗಳಿಗೆ ಹರಿಹರದಲ್ಲಿ ಸೇರುವುದು ಅಂತಾಗಿದೆ. ದಂಡದ ಲೆಕ್ಕ ಮತ್ತು ವರ್ಷದ ಸ್ಟಾಕ್ ಚೆಕ್ಕಿಂಗ್ ಅದರಲ್ಲಿ ದೊಡ್ಡವು. ಸ್ಟಾಕ್ ಚೆಕ್ಕಿಂಗ್ ಪರೀಕ್ಷೆಗೆ ಇನ್ನೆರಡು ಸ್ಕ್ಯಾನರ್ ಬೇಕು, ಅದನ್ನು ಹೊಂದಿಸುವ ಕೆಲಸವನ್ನೂ ಅಣ್ಣನೇ ವಹಿಸಿಕೊಂಡಿದ್ದಾರೆ.