ಚುಕ್ಕಿ ರಂಗೋಲಿಯಿಂದ ಗ್ರಾಮ ನಕಾಶೆಯವರೆಗೆ: 7ನೇ ತರಗತಿಗೆ ಸ್ಕೇಲ್ ಕಲಿಸಿದ ನನ್ನ ಅನುಭವ

"ಇವತ್ತು ಸ್ಕೇಲ್ ಬಗ್ಗೆ ಕಲಿಯೋಣ" ಅಂದೆ. ಇಡೀ ತರಗತಿ ಜಾಮಿಟ್ರಿ ಬಾಕ್ಸ್ ತೆಗೆದು ಅಡಿಪಟ್ಟಿ ಹಿಡಿದು ಕೂತಿತು. ಅವರದ್ದೇನೂ ತಪ್ಪಿಲ್ಲ. ನಮ್ಮಲ್ಲಿ ಸ್ಕೇಲ್ ಅಂದರೆ ಗೆರೆ ಎಳೆಯುವ ಪಟ್ಟಿಯೇ ಅಲ್ವಾ? ಆಮೇಲಿನಿಂದ ನಾನು ಮೊದಲ ಎರಡು ಪಿರಿಯಡ್ ಆ ಪದವನ್ನೇ ಬಳಸುವುದಿಲ್ಲ. "ಎಷ್ಟು ಪಟ್ಟು?" ಅಂತ ಮಾತ್ರ ಕೇಳುತ್ತೇನೆ. ಸ್ಕೇಲ್ ಫ್ಯಾಕ್ಟರ್ ಅಂದರೆ ಅಷ್ಟೇ ತಾನೇ, ಎಷ್ಟು ಪಟ್ಟು ಅನ್ನುವುದು.

ಶುರುವಿನಲ್ಲೇ ಒಂದು ಪ್ರಶ್ನೆ ಕೊಟ್ಟೆ. 6 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲದ ಆಯತ. ಆಕಾರ ಕೆಡದ ಹಾಗೆ ಉದ್ದವನ್ನು 9 ಮಾಡಿದರೆ ಅಗಲ ಎಷ್ಟು? ಜಾಸ್ತಿ ಮಕ್ಕಳು 7 ಅಂದರು. ಉದ್ದಕ್ಕೆ 3 ಸೇರಿತು, ಅಗಲಕ್ಕೂ 3 ಸೇರಿಸಿದರು. ಸರಿ ಉತ್ತರ 6, ಯಾಕೆಂದರೆ ಎರಡೂ ಒಂದೂವರೆ ಪಟ್ಟು ಆಗಬೇಕು. ಬೋರ್ಡಿನ ಮೇಲೆ ಸುಮ್ನೆ ತಿದ್ದಿದರೆ ಆ ದಿನಕ್ಕೆ ತಿದ್ದಿಕೊಳ್ಳುತ್ತಾರೆ, ಮುಂದಿನ ವಾರ ಮತ್ತೆ ಕೂಡುತ್ತಾರೆ. ಅದಕ್ಕೇ 6 ಉದ್ದ, 1 ಅಗಲದ ಪಟ್ಟಿಗೆ ಅದೇ 3 ಕೂಡಿಸಿ ಬಿಡಿಸಿ ಅಂದೆ. 9ಕ್ಕೆ 4 ಆಯಿತು. "ಮಿಸ್, ಇದು ಪಟ್ಟಿ ಅಲ್ಲ, ಇಟ್ಟಿಗೆ" ಅಂದ ಒಬ್ಬ. ಕೂಡಿದರೆ ಆಕಾರ ಹಾಳಾಗುತ್ತದೆ ಅನ್ನುವುದು ಆ ಇಟ್ಟಿಗೆಯಿಂದ ತಲೆಗೆ ಹೋಯಿತು.

ಆಮೇಲೆ ಅಂಗಳಕ್ಕೆ ಹೋದೆವು. 7 ಚುಕ್ಕಿಯಿಂದ ಶುರುಮಾಡಿ 4ರವರೆಗೆ ಇಳಿಸುವ ರಂಗೋಲಿ ಹುಡುಗಿಯರಿಗೆ ಕಣ್ಣುಮುಚ್ಚಿ ಬರುತ್ತದೆ. ಒಂದನ್ನು ಚುಕ್ಕಿಗಳ ನಡುವೆ 3 ಸೆಂ.ಮೀ. ಬಿಟ್ಟು ಹಾಕಿದರು, ಇನ್ನೊಂದನ್ನು 12 ಸೆಂ.ಮೀ. ಬಿಟ್ಟು. ಚುಕ್ಕಿ ಎರಡರಲ್ಲೂ ಅಷ್ಟೇ, ಗೆರೆಗಳೂ ಅಷ್ಟೇ, ಆದರೆ ಯಾವ ಗೆರೆ ಅಳೆದರೂ ದೊಡ್ಡದರಲ್ಲಿ 4 ಪಟ್ಟು. ಇಲ್ಲಿಯವರೆಗೆ ಸಲೀಸು. ಬಣ್ಣ ತುಂಬುವಾಗ ನಿಜವಾದ ಪಾಠ ಶುರುವಾಯಿತು. ಚಿಕ್ಕ ರಂಗೋಲಿಯ ಒಂದು ದಳಕ್ಕೆ ಒಂದು ಚಮಚ ಬಣ್ಣ ಹಿಡಿಯಿತು. ದೊಡ್ಡ ದಳಕ್ಕೆ ಎಷ್ಟು ಬೇಕು? "ನಾಲ್ಕು ಚಮಚ!" ಅಂತ ಎಲ್ಲರೂ ಒಟ್ಟಿಗೆ. ನಾಲ್ಕು ಹಾಕಿದರು, ದಳದ ಒಂದು ಮೂಲೆ ಮಾತ್ರ ತುಂಬಿತು. ಐದು, ಎಂಟು, ಹತ್ತು... ಹದಿನೈದರ ಹತ್ತಿರ ಹೋಗಿ ನಿಂತಿತು. ಉದ್ದ 4 ಪಟ್ಟು, ಅಗಲವೂ 4 ಪಟ್ಟು, ಹಾಗಾಗಿ ಜಾಗ 16 ಪಟ್ಟು. ಇದನ್ನು ನಾನು ಹೇಳಬೇಕಾಗಲೇ ಇಲ್ಲ, ಬಣ್ಣದ ಡಬ್ಬಿ ಖಾಲಿಯಾದಾಗ ಅವರೇ ಲೆಕ್ಕ ಹಾಕಿದರು.

ಕಾಗದದ ಮೇಲೆ ಬಿಡಿಸಲು ಕಬಡ್ಡಿ ಅಂಗಳ ತೆಗೆದುಕೊಂಡೆ. ಗಂಡಸರ ಅಂಗಳ 13 ಮೀಟರ್ ಉದ್ದ, 10 ಮೀಟರ್ ಅಗಲ. 1:100ರಲ್ಲಿ 13 ಸೆಂ.ಮೀ., 10 ಸೆಂ.ಮೀ. ಸುಲಭ. ಆದರೆ ನಡುಗೆರೆಯಿಂದ ಬಾಕ್ ಲೈನ್ (ರೈಡರ್ ದಾಟಲೇಬೇಕಾದ ಗೆರೆ) 3.75 ಮೀಟರ್ ದೂರ, ಅಡಿಪಟ್ಟಿಯಲ್ಲಿ 3.75 ಸೆಂ.ಮೀ. ಗುರುತು ಹಾಕಲು ಒದ್ದಾಡಿದರು. 1:50 ಮಾಡಿ ಅಂದೆ. 7.5 ಸೆಂ.ಮೀ. ಆಯಿತು, ಅಂಗಳವೂ ಎ4 ಹಾಳೆಯಲ್ಲಿ ಸರಿಯಾಗಿ ಹಿಡಿಯಿತು. 1:200 ಅಂದರೆ ಚಿತ್ರ ಇನ್ನೂ ದೊಡ್ಡದು ಅಂದುಕೊಂಡವರೂ ಇದ್ದರು, ಬಿಡಿಸಿದ ಮೇಲೆ ಆ ಗೊಂದಲ ಹೋಯಿತು.

ಕೊನೆಗೆ ಗ್ರಾಮ ನಕಾಶೆ. ಕಂದಾಯ ಇಲಾಖೆಯ ಜಾಲತಾಣದಿಂದ ನಮ್ಮೂರಿನದನ್ನು ಇಳಿಸಿಕೊಂಡು ಪ್ರಿಂಟ್ ಹಾಕಿಸಿದೆ. ಕೆರೆ, ಗೋಮಾಳ, ಬಂಡಿದಾರಿ, ಸರ್ವೆ ನಂಬರ್‌ಗಳು. ಮಕ್ಕಳು ಅದರ ಮೇಲೆ ಬಿದ್ದೇಬಿಟ್ಟರು. ಅಳತೆ 1:7920. ಇದೇನು ಇಂಥ ವಿಚಿತ್ರ ಸಂಖ್ಯೆ? 7920 ಇಂಚು ಅಂದರೆ 660 ಅಡಿ, ಅಂದರೆ ಒಂದು ಫರ್ಲಾಂಗ್. ಹಿಂದೆ ಸರ್ವೆಯವರು ಎಳೆಯುತ್ತಿದ್ದ 66 ಅಡಿಯ ಸರಪಳಿ ಹತ್ತು ಸಲ. ನಕಾಶೆಯ ಒಂದು ಇಂಚು ನೆಲದ ಮೇಲೆ ಒಂದು ಫರ್ಲಾಂಗ್! ಒಂದು ಚದರ ಇಂಚು ಅಂದರೆ 660ನ್ನು 660ರಿಂದ ಗುಣಿಸಿ, 4,35,600 ಚದರ ಅಡಿ. ಎಕರೆಗೆ 43,560 ಚದರ ಅಡಿ. ಸರಿಯಾಗಿ 10 ಎಕರೆ. ಈ ಲೆಕ್ಕ ಬೋರ್ಡಿನ ಮೇಲೆ ಬಂದಾಗ ನನಗೇ ಮೈ ಜುಂ ಅಂದಿತು.

ಹಾಗಾದರೆ ಅರ್ಧ ಇಂಚು ಉದ್ದ, ಅರ್ಧ ಇಂಚು ಅಗಲದ ಹೊಲ? "ಐದು ಎಕರೆ" ಅಂದರು ಕೆಲವರು. "ಅಲ್ಲ, ಬಣ್ಣದ ಲೆಕ್ಕ ಹಾಕ್ರೋ" ಅಂತ ಹಿಂದಿನ ಬೆಂಚಿನ ಹುಡುಗಿ ಅವರನ್ನು ತಿದ್ದಿದಳು. ಎರಡೂವರೆ ಎಕರೆ.

ಆಗ ಒಬ್ಬ ಹುಡುಗ ಎದ್ದು ನಿಂತ. ಅವರ ಹೊಲ ಹಾಳೆಯಲ್ಲಿ ಹೆಚ್ಚುಕಮ್ಮಿ ಅಷ್ಟೇ ಇತ್ತು, ಅರ್ಧ ಇಂಚು, ಅರ್ಧ ಇಂಚು. "ಮಿಸ್, ಪಹಣಿಯಲ್ಲಿ ನಮ್ದು 4 ಎಕರೆ 16 ಗುಂಟೆ ಇದೆ. ಉಳಿದ ಜಮೀನು ಎಲ್ಲಿ ಹೋಯ್ತು?" ಅವನ ಮುಖದಲ್ಲಿ ಆತಂಕ ಇತ್ತು. ನಮ್ಮ ಕಡೆ ಜಮೀನಿನ ಮಾತು ಸಣ್ಣದಲ್ಲ. ನನಗೂ ಉತ್ತರ ಹೊಳೆಯಲಿಲ್ಲ.

ಮರುದಿನ 30 ಮೀಟರ್ ಟೇಪ್ ಹಿಡಿದು ಶಾಲೆಯಿಂದ ಬಸ್ ಸ್ಟಾಪಿನವರೆಗೆ ಅಳೆದೆವು. ಸುಮಾರು 402 ಮೀಟರ್, ಅಂದರೆ 2 ಫರ್ಲಾಂಗ್. ಹಾಳೆಯ ಮೇಲೆ 2 ಇಂಚು ಇರಬೇಕಿತ್ತು, ಇದ್ದದ್ದು ಒಂದೂವರೆ. ಆಗ ಗೊತ್ತಾಯಿತು: ಪ್ರಿಂಟ್ ಹಾಕಿಸುವಾಗ ದೊಡ್ಡ ನಕಾಶೆಯನ್ನು ಹಾಳೆಗೆ ಹಿಡಿಯುವಂತೆ ಕುಗ್ಗಿಸಲಾಗಿತ್ತು, ನಾನು ಅದನ್ನು ನೋಡಿಯೇ ಇರಲಿಲ್ಲ. ಮೂಲೆಯಲ್ಲಿ ಮಾತ್ರ 1:7920 ಹಾಗೇ ಉಳಿದಿತ್ತು. ಎಷ್ಟು ಪಟ್ಟು ಕುಗ್ಗಿದೆ? ಮುಕ್ಕಾಲು. ನಿಜವಾದ ಅಳತೆ 1:10560. ಒಂದು ಇಂಚಿಗೆ 880 ಅಡಿ, ಒಂದು ಚದರ ಇಂಚಿಗೆ 17 ಎಕರೆ 31 ಗುಂಟೆ. ಆ ಹೊಲ ಈಗ 4 ಎಕರೆ 18 ಗುಂಟೆ ಬಂತು. ಎರಡು ಗುಂಟೆ ವ್ಯತ್ಯಾಸ ಪೆನ್ಸಿಲ್ ಗೆರೆಯ ದಪ್ಪಕ್ಕೇ ಆಗಿಬಿಡುತ್ತದೆ. ಹುಡುಗ 1:7920 ಮೇಲೆ ಗೆರೆ ಹೊಡೆದು ಹೊಸದನ್ನು ಬರೆದು, ಹಾಳೆಯನ್ನು ಅಪ್ಪನಿಗೆ ತೋರಿಸಲು ಮನೆಗೆ ಒಯ್ದ.

ಈಗ ಯಾವ ನಕಾಶೆ ಕೊಡುವ ಮೊದಲೂ ಕೆಳಗೆ ಒಂದು ಫರ್ಲಾಂಗ್ ಉದ್ದದ ಗೆರೆ ಎಳೆದು ಅದರ ಮೇಲೆ "1 ಫರ್ಲಾಂಗ್" ಅಂತ ಬರೆಯುತ್ತೇನೆ. ಜೆರಾಕ್ಸ್‌ನಲ್ಲಿ ನಕಾಶೆ ಕುಗ್ಗಿದರೆ ಆ ಗೆರೆಯೂ ಅಷ್ಟೇ ಪಟ್ಟು ಕುಗ್ಗುತ್ತದೆ, ಅಳತೆ ತಪ್ಪುವುದಿಲ್ಲ. ಹಳೆಯ ಪ್ರಿಂಟ್‌ನ ಒಂದು ಪ್ರತಿಯನ್ನೂ ಇಟ್ಟುಕೊಂಡಿದ್ದೇನೆ. ಪ್ರತಿ ವರ್ಷ ಮೊದಲು ಅದನ್ನೇ ಕೊಡುತ್ತೇನೆ, ಏನೂ ಹೇಳದೆ.