ಕಯಾಕ್ ಡೆಕ್‌ಗೆ ನೀರು ಸೋರದ ಸಮತಟ್ಟು ಮುಚ್ಚಳ

ಆಲಮಟ್ಟಿ ಹಿನ್ನೀರು ಬಾಗಲಕೋಟೆ ಪಕ್ಕ ತುಂಬಿ ನಿಂತಾಗ ಗಾಳಿ ಎದ್ದರೆ, ಅಲೆ ನೇರವಾಗಿ ಕಯಾಕ್ (ಹುಟ್ಟು ಹಾಕುವ ಕಿರಿದಾದ ಸಣ್ಣ ದೋಣಿ) ಮೇಲೇ ಹತ್ತುತ್ತದೆ. ಮಗುಚಿದರೂ ದೋಣಿ ತೇಲುವಂತೆ ಮಾಡುವುದು ಹಿಂದೆ ಮುಂದೆ ಇರುವ ಗಾಳಿಯ ಖಾನೆಗಳು. ಅವುಗಳ ಮುಚ್ಚಳ ಸೋರಿದರೆ ಆ ರಕ್ಷಣೆಯೇ ಹೋಯಿತು. ಮುಚ್ಚಳ ಡೆಕ್ (ದೋಣಿಯ ಮೇಲ್ಹೊದಿಕೆ) ಮಟ್ಟಕ್ಕೇ ಕೂತರೆ ಇನ್ನೊಂದು ಲಾಭ: ಬಲೆ, ಹಗ್ಗ ಸಿಕ್ಕಿಕೊಳ್ಳಲು ಎತ್ತರದ ಅಂಚೇ ಇರುವುದಿಲ್ಲ.

ಡೆಕ್ ಅನ್ನು ದೋಣಿಗೆ ಅಂಟಿಸುವ ಮುಂಚೆಯೇ ಈ ಕೆಲಸ ಮುಗಿಸಿ. ಆಮೇಲೆ ಒಳಗೆ ಕೈ ಆಡುವುದಿಲ್ಲ.

ಮೊದಲು ಅಚ್ಚು. ಮುಚ್ಚಳ ಬರುವ ಜಾಗಕ್ಕೆ, ಸುತ್ತ ನಾಲ್ಕು ಬೆರಳು ಹೆಚ್ಚಿಗೆ, ಪ್ಯಾಕಿಂಗ್ ಟೇಪ್ ಹಚ್ಚಿ. ಮೇಲೆ 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ) ಫೈಬರ್‌ಗ್ಲಾಸ್ ಬಟ್ಟೆ ನಾಲ್ಕು ಪದರ ಹಾಸಿ, ಎಪಾಕ್ಸಿ (ಎರಡು ದ್ರವ ಕಲಸಿ ಮಾಡುವ ಗಟ್ಟಿ ಅಂಟು) ಕುಡಿಸಿ. ಗಟ್ಟಿಯಾದ ಮೇಲೆ ಡೆಕ್ಕಿನದೇ ಉಬ್ಬು ಇರುವ ಹಾಳೆ ಎದ್ದು ಬರುತ್ತದೆ. ಮುಚ್ಚಳ ಕೂರುವ ಪೀಠ ಇದೇ. ನಮ್ಮ ಮೇ ತಿಂಗಳ ಬಿಸಿಲಿಗೆ ಎಪಾಕ್ಸಿ ಡಬ್ಬಿಯಲ್ಲೇ ಗಟ್ಟಿಯಾಗಿಬಿಡುತ್ತದೆ. ಬೆಳಿಗ್ಗೆ ಬೇಗ, ಸ್ವಲ್ಪ ಸ್ವಲ್ಪವೇ ಕಲಸಿ.

ಆಮೇಲೆ ತೆಳು ಬ್ಲೇಡಿನಿಂದ ಡೆಕ್ ಕತ್ತರಿಸಿ. 40×25 ಸೆಂ.ಮೀ. ಅಳತೆ ಸಾಕು. ಮೂಲೆ ದುಂಡಗಿರಲಿ, ಚೂಪು ಮೂಲೆಯಲ್ಲಿ, ನೀರು ತಡೆಯಲು ಮುಚ್ಚಳದಡಿ ಬರುವ ರಬ್ಬರ್ ಪಟ್ಟಿ ಮಡಚಿಕೊಂಡು ಅಲ್ಲೇ ಸೋರುತ್ತದೆ. ಕತ್ತರಿಸಿದ ತುಂಡೇ ಮುಚ್ಚಳ. ಸುತ್ತ 2 ಮಿ.ಮೀ. ಸಂದು ಬರುವಂತೆ ಉಜ್ಜಿ, ಬದಿಗಳಿಗೆಲ್ಲ ಎಪಾಕ್ಸಿ ಬಳಿಯಿರಿ. ಕತ್ತರಿಸಿದ ತುಂಡು ತನ್ನ ಉಬ್ಬು ಕಳೆದುಕೊಳ್ಳುತ್ತದೆ. ಹಾಗಾಗಿ ಡೆಕ್ಕಿನ ಆಕಾರಕ್ಕೇ ಕೊಯ್ದ ಎರಡು ಅಡ್ಡಪಟ್ಟಿಗಳನ್ನು ಅದರ ಅಡಿಗೆ ಅಂಟಿಸಿ.

ಲೆಕ್ಕ ತಪ್ಪುವುದು ಮುಂದಿನ ಹಂತದಲ್ಲೇ. ಪೀಠವನ್ನು ಡೆಕ್ಕಿನ ಅಡಿಗೆ ನೇರವಾಗಿ ಅಂಟಿಸಿದರೆ ರಬ್ಬರಿಗೆ ಜಾಗವೇ ಉಳಿಯುವುದಿಲ್ಲ, ಮುಚ್ಚಳ ಮೇಲೆದ್ದು ನಿಲ್ಲುತ್ತದೆ. 10 ಮಿ.ಮೀ. ದಪ್ಪದ ರಬ್ಬರ್ ಪಟ್ಟಿ 6 ಮಿ.ಮೀ.ಗೆ ಒತ್ತಿಕೊಳ್ಳಬೇಕು. ಅಂದರೆ ಡೆಕ್ಕಿಗೂ ಪೀಠಕ್ಕೂ ನಡುವೆ 6 ಮಿ.ಮೀ. ಪ್ಲೈವುಡ್ ಚೌಕಟ್ಟು ಬೇಕು. 3 ಮಿ.ಮೀ.ನ ಎರಡು ಪದರವಾದರೆ ಉಬ್ಬಿಗೆ ಸುಲಭವಾಗಿ ಬಾಗುತ್ತದೆ. ಪೀಠದ ಮಧ್ಯ ಕತ್ತರಿಸಿ, ತೂತಿನೊಳಗೆ ಎರಡು ಸೆಂ.ಮೀ. ಚಾಚುವಂತೆ ಬಿಟ್ಟು ಅಂಟಿಸಿ. ಅದರ ಮೇಲೆ ಕ್ಲೋಸ್ಡ್ ಸೆಲ್ (ಗುಳ್ಳೆಗಳು ಮುಚ್ಚಿಕೊಂಡಿರುವ, ನೀರು ಹೀರದ) ಫೋಮ್ ರಬ್ಬರ್ ಪಟ್ಟಿ ಹಚ್ಚಿ. ಹಾಸಿಗೆ ಸ್ಪಂಜು ಸುತರಾಂ ಬೇಡ, ಅದು ನೀರು ಹೀರುತ್ತದೆ.

ಬಿಗಿಯಲು ಬಕಲ್ ಇರುವ ಎರಡು ಬೆಲ್ಟ್ ನನಗೆ ಮೆಚ್ಚುಗೆ. ನಡುವೆ ಒಂದೇ ಹಾಕಿದರೆ ತುದಿಗಳು ಏಳುತ್ತವೆ.

ಪಟ್ಟಿಗೆ ಸೀಮೆಸುಣ್ಣದ ಪುಡಿ ಸವರಿ, ಮುಚ್ಚಿ ಬಿಗಿದು, ತೆಗೆದು ನೋಡಿ. ಮುಚ್ಚಳದ ಅಡಿ ಬಿಳಿ ಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲೇ ನೀರಿನ ದಾರಿ. ಡೆಕ್ ಅಂಟಿಸಿದ ಮೇಲೆ ಖಾನೆಯಲ್ಲಿ ಪೇಪರ್ ಹಾಸಿ, ಮೇಲೆ ಬಕೆಟ್ ನೀರು ಸುರಿದು ಮತ್ತೊಮ್ಮೆ ಪರೀಕ್ಷಿಸಿ.

ಇಷ್ಟು ಬಿಗಿಯಾದ ಖಾನೆಗೆ ಉಸಿರಾಡಲು ದಾರಿ ಬೇಕಲ್ವಾ? ಒಳಗಿನ ಗಾಳಿ 27ರಿಂದ 47 ಡಿಗ್ರಿಗೆ ಕಾದರೆ, ಈ ಅಳತೆಯ ಮುಚ್ಚಳದ ಮೇಲೆ ಸುಮಾರು 70 ಕೆಜಿಯಷ್ಟು ಒತ್ತಡ ಬೀಳುತ್ತದೆ. ತಣ್ಣೀರಿಗೆ ಇಳಿಸಿದಾಗ ಉಲ್ಟಾ, ಪಟ್ಟಿಯ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಖಾನೆಗೂ ಕೂರುವ ಜಾಗಕ್ಕೂ ನಡುವಿನ ಗೋಡೆಯ ಮೇಲ್ಭಾಗದಲ್ಲಿ 1 ಮಿ.ಮೀ. ತೂತು ಕೊರೆದರೆ ಸಾಕು.

ದೋಣಿ ಮನೆಯಲ್ಲಿದ್ದಾಗ ಬೆಲ್ಟ್ ಸಡಿಲಿಸಿ ಮುಚ್ಚಳ ತೆಗೆದಿಡಿ. ಸದಾ ಒತ್ತಿಟ್ಟ ರಬ್ಬರ್ ಹಾಗೇ ಚಪ್ಪಟೆಯಾಗಿ ಉಳಿದುಬಿಡುತ್ತದೆ.