ಸಾಕ್ಷಿ ಹೇಳಿದವರ ಬೆನ್ನು ಹತ್ತಿ ಊರು ಹುಡುಕಿದೆ

"ಜಮೀನಿನ ಕಾಗದದಲ್ಲಿ ಹುಟ್ಟೂರು ಸಿಗಲ್ಲ, ಸುಮ್ನೆ ದುಡ್ಡು ದಂಡ" ಅಂತ ವಂಶಾವಳಿ ಹುಡುಕುವ ಗೆಳೆಯರೆಲ್ಲ ಹೇಳಿದ್ದರು. ನನ್ನ ಹೆಂಡತಿಯ ಮುತ್ತಜ್ಜನ ಊರು ನನಗೆ ಸಿಕ್ಕಿದ್ದು ಆ ಕಾಗದದಿಂದಲೇ.

ಮುತ್ತಜ್ಜ ಅಮೆರಿಕಕ್ಕೆ ವಲಸೆ ಬಂದು ಉತ್ತರ ಡಕೋಟಾದ ಮ್ಯಾಕಿಂಟಾಷ್ ಕೌಂಟಿಯಲ್ಲಿ 160 ಎಕರೆ ಹೋಮ್‌ಸ್ಟೆಡ್, ಅಂದರೆ ಅಲ್ಲೇ ಇದ್ದು ಉಳುಮೆ ಮಾಡಿದವರಿಗೆ ಸರ್ಕಾರ ಕೊಡುತ್ತಿದ್ದ ಜಮೀನು, ಹಿಡಿದವರು. ಮಾತು ಜರ್ಮನ್, ಗಣತಿಯಲ್ಲಿ ಹುಟ್ಟಿದ ಜಾಗ "ರಷ್ಯಾ", ಅಷ್ಟೇ. 1890ರ ಗಣತಿ ಬೆಂಕಿಗೆ ಹೋಗಿದೆ. ಒಬ್ಬ ಸಂಶೋಧಕರಿಗೆ ಸುಮಾರು 400 ಡಾಲರ್ ಕೊಟ್ಟೆ. ನನ್ನ ಹತ್ತಿರ ಇದ್ದ ಹಾಳೆಗಳೇ ವಾಪಸ್ ಬಂದವು. ಡಿಎನ್ಎ ಪರೀಕ್ಷೆಗೆ ಇನ್ನೊಂದು ನೂರು. ಅರ್ಧ ಕೌಂಟಿಯೇ ನೆಂಟರು ಅಂತ ಬಂತು, ಊರು ಬರಲಿಲ್ಲ.

ಆಮೇಲೆ ಸರ್ಕಾರದ ಹಳೇ ದಾಖಲೆ ಇಡುವ ವಾಷಿಂಗ್ಟನ್ನಿನ ನ್ಯಾಷನಲ್ ಆರ್ಕೈವ್ಸ್‌ನಿಂದ ಹೋಮ್‌ಸ್ಟೆಡ್ ಕಡತ ತರಿಸಿದೆ. ಒಂದಕ್ಕೆ 50 ಡಾಲರ್ ಆಸುಪಾಸು. ಅದರಲ್ಲಿ ಇದ್ದದ್ದು ಮಣ್ಣಿಟ್ಟಿಗೆ ಮನೆ, ಕೊಟ್ಟಿಗೆ, ಬಾವಿ, ಉತ್ತದ್ದು ಮೂವತ್ತು ಚಿಲ್ಲರೆ ಎಕರೆ. ಎಲ್ಲರೂ ಇಷ್ಟು ಓದಿ ಕಡತ ಮುಚ್ಚುತ್ತಾರೆ. ಐದು ವರ್ಷ ಅಲ್ಲೇ ಇದ್ದೆ ಅನ್ನೋದಕ್ಕೆ ನೆರೆಯ ಇಬ್ಬರು ಸಾಕ್ಷಿ ಹೇಳಬೇಕಿತ್ತಲ್ವಾ? ನಾನು ಅವರನ್ನು ಹಿಡಿದೆ. ಅವರ ಕಡತ, ಅವರ ಸಾಕ್ಷಿಗಳ ಕಡತ, ಹೀಗೆ ಎಂಟೋ ಒಂಬತ್ತೋ ತರಿಸಿದೆ. ಸರ್ಕಾರಿ ಜಮೀನು ಹಂಚುತ್ತಿದ್ದ ಜನರಲ್ ಲ್ಯಾಂಡ್ ಆಫೀಸಿನ ಹಕ್ಕುಪತ್ರಗಳು ಪುಕ್ಕಟೆ ಸಿಗುತ್ತವೆ, ಅವನ್ನೂ ನಕ್ಷೆಗೆ ಏರಿಸಿದೆ. ಅದೇ ಹೆಸರುಗಳು ತಿರುಗಿ ತಿರುಗಿ ಬಂದವು. ಹಳೇ ಊರಿನ ನೆರೆಯವರೇ ಇಲ್ಲೂ ಮಗ್ಗುಲಲ್ಲಿ ಜಮೀನು ಹಿಡಿದಿದ್ದರು. ಯಾರ ಕಡತ ಮೊದಲು ತರಿಸಬೇಕು ಅನ್ನೋ ಲೆಕ್ಕಾಚಾರ ಸದ್ಯ ನನ್ನಲ್ಲೇ ಇರಲಿ.

ನಡುವೆ ಇನ್ನೊಂದು ಪ್ರಯೋಗ. ಮರವಿಲ್ಲದ ಬಯಲಿನಲ್ಲಿ ಈ ವಲಸಿಗರು ಸಗಣಿಗೆ ಹುಲ್ಲು ಸೇರಿಸಿ ತುಳಿದು, ಇಟ್ಟಿಗೆಯಂತೆ ಕತ್ತರಿಸಿ ಒಣಗಿಸಿ ಒಲೆಗೆ ಹಾಕುತ್ತಿದ್ದರು. ನಾನೂ ಮಾಡಿ ನೋಡಿದೆ. ನಮ್ಮ ಬೆರಣಿಗಿಂತ ದಪ್ಪ, ಒಣಗೋಕೆ ಬೇಸಿಗೆಯೆಲ್ಲ ಬೇಕಾಯ್ತು. ಆದರೆ ಕೆಂಡ ಜಾಸ್ತಿ ಹೊತ್ತು ನಿಲ್ಲುತ್ತದೆ.

ಕೊನೆಗೆ ಒಬ್ಬ ಸಾಕ್ಷಿಯ ಮರಣವಾರ್ತೆ 'ಡಕೋಟಾ ಫ್ರೈಯೆ ಪ್ರೆಸ್ಸೆ' ಅನ್ನೋ ಜರ್ಮನ್ ಪತ್ರಿಕೆಯಲ್ಲಿ ಸಿಕ್ಕಿತು. ಹುಟ್ಟಿದ್ದು ಕಸೆಲ್. ಜರ್ಮನಿಯದಲ್ಲ, ಆಗ ರಷ್ಯಾದಲ್ಲಿದ್ದ ಒಡೆಸ್ಸಾ ಕಡೆ ಜರ್ಮನ್ನರು ನೆಲೆಸಿದ್ದ ಊರು. ಆ ಕಡೆಯ ಲುಥೆರನ್ ಚರ್ಚ್‌ಗಳು ಹುಟ್ಟು, ಮದುವೆ, ಸಾವು ಬರೆದಿಟ್ಟು ಸೇಂಟ್ ಪೀಟರ್ಸ್‌ಬರ್ಗ್‌ಗೆ ಕಳಿಸುತ್ತಿದ್ದ ಪುಸ್ತಕದ ಪ್ರತಿಗಳು 1833ರಿಂದ 1885ರವರೆಗೆ ಇವೆ. ಅದರಲ್ಲಿ ಮುತ್ತಜ್ಜನ ದೀಕ್ಷಾಸ್ನಾನ! ದೀಕ್ಷಾಸ್ನಾನಕ್ಕೆ ಸಾಕ್ಷಿ ನಿಂತವರಲ್ಲಿ, ಮರಣವಾರ್ತೆ ಸಿಕ್ಕ ಡಕೋಟಾದ ಆ ನೆರೆಯವನದೇ ಮನೆತನದ ಹೆಸರು.

ಒಟ್ಟು ಸಾವಿರ ಡಾಲರ್ ಹತ್ತಿರ ಹೋಗಿದೆ. ಈಗ ಅತ್ತೆಯವರ ತವರಿನ ಕಡೆಯದು ಶುರು ಮಾಡಿದ್ದೇನೆ, ಮೊದಲ ಎರಡು ಕಡತಕ್ಕೆ ದುಡ್ಡು ಕಟ್ಟಿಯಾಗಿದೆ.